ಯಾಸುಕೆ: ಗೇಮಿಗಿಂತ ಮೊದಲು ಬದುಕಿದ್ದವನು

2024ರ ಮೇ ತಿಂಗಳಲ್ಲಿ ಅಸ್ಯಾಸಿನ್ಸ್ ಕ್ರೀಡ್ ಶ್ಯಾಡೋಸ್ ಗೇಮಿನ ಟ್ರೇಲರ್ ಬಂತು. ಕಥೆ ನಡೆಯೋದು 16ನೇ ಶತಮಾನದ ಜಪಾನಿನಲ್ಲಿ, ನಾಯಕರು ಇಬ್ಬರು. ಒಬ್ಬಳು ನಾವೋಯೆ, ಪೂರ್ತಿ ಕಲ್ಪನೆಯ ಪಾತ್ರ. ಇನ್ನೊಬ್ಬ ಆಫ್ರಿಕಾ ಮೂಲದ ಯಾಸುಕೆ, ನಿಜವಾಗಿ ಬದುಕಿದ್ದವನು. ತಮಾಷೆ ನೋಡಿ, ದೊಡ್ಡ ಜಗಳ ಎದ್ದಿದ್ದು ನಿಜವಾಗಿ ಬದುಕಿದ್ದವನ ಮೇಲೆ! ವೈವಿಧ್ಯ ತೋರಿಸೋಕೆ ಬೇಕಂತಲೇ ತುರುಕಿದ್ದಾರೆ ಅಂತ ಒಂದು ಗುಂಪು, ಅವನೊಬ್ಬ ಮಹಾನ್ ಸಮುರಾಯ್ ಅಂತ ಇನ್ನೊಂದು ಗುಂಪು. ಈ ಗಲಾಟೆಯಲ್ಲಿ ಆ ಮನುಷ್ಯನ ಬದುಕು ಏನಾಗಿತ್ತು ಅನ್ನೋದನ್ನ ಕೇಳಿದವರು ಕಡಿಮೆ.

ಯಾಸುಕೆ ಜಪಾನಿಗೆ ಬಂದದ್ದು 1579ರಲ್ಲಿ, ಅಲೆಸ್ಸಾಂಡ್ರೋ ವಾಲಿನ್ಯಾನೋ ಎಂಬ ಜೆಸ್ಯೂಟ್ ಪಾದ್ರಿಯ ಪರಿವಾರದಲ್ಲಿ. ಇಟಲಿಯ ಈ ಪಾದ್ರಿ 1574ರಲ್ಲಿ ಗೋವಾಕ್ಕೆ ಬಂದು, ಮುಂದೆ ಮಕಾವ್ ಮಾರ್ಗವಾಗಿ ಜಪಾನಿಗೆ ಹೋದವನು. ಯಾಸುಕೆ ಮೊಜಾಂಬಿಕ್ ಕಡೆಯವನು ಅಂತ 1627ರ ಒಂದು ಫ್ರೆಂಚ್ ಗ್ರಂಥ ಹೇಳುತ್ತದೆ. ಅಪ್ಪ ಅಮ್ಮ ಇಟ್ಟ ಹೆಸರು ಮಾತ್ರ ಯಾವ ದಾಖಲೆಯಲ್ಲೂ ಉಳಿದಿಲ್ಲ.

ಆ ಕಾಲದಲ್ಲಿ ಆಫ್ರಿಕಾದಿಂದ ಏಷ್ಯಾಕ್ಕೆ ಜನ ಬರೋದು ಅಪರೂಪವೇನಲ್ಲ. ಇಥಿಯೋಪಿಯಾದಿಂದ ಗುಲಾಮನಾಗಿ ಮಾರಲ್ಪಟ್ಟ ಮಲಿಕ್ ಅಂಬರ್ ಇದೇ ಶತಮಾನದಲ್ಲಿ ದಖ್ಖನಿಗೆ ಬಂದು, ಅಹಮದ್‌ನಗರದ ಪೇಶ್ವೆಯಾದ. ನಮ್ಮ ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲೂ ಹಬ್ಶಿ ಸರದಾರರಿದ್ದರು. ಉತ್ತರ ಕನ್ನಡದ ಸಿದ್ದಿ ಸಮುದಾಯದ ಪೂರ್ವಿಕರೂ ಆಫ್ರಿಕಾದಿಂದಲೇ ಕಡಲು ದಾಟಿ ಬಂದವರು.

1581ರ ಮಾರ್ಚ್‌ನಲ್ಲಿ ವಾಲಿನ್ಯಾನೋ ಕ್ಯೋಟೋಗೆ ಹೋದ. ಯಾಸುಕೆಯನ್ನು ನೋಡೋಕೆ ಜನ ಮುಗಿಬಿದ್ದು, ಪಾದ್ರಿಗಳ ಮನೆ ಬಾಗಿಲೇ ಮುರಿಯಿತು, ನೂಕುನುಗ್ಗಲಿನಲ್ಲಿ ಕೆಲವರಿಗೆ ಪೆಟ್ಟಾಯಿತು. ಸುದ್ದಿ ಓಡಾ ನೊಬುನಾಗಾನ ಕಿವಿಗೆ ಬಿತ್ತು. ಆಗ ಜಪಾನಿನಲ್ಲಿ ಅತಿ ಬಲಶಾಲಿ ಯಾರು ಅಂದರೆ ಅವನೇ. ಕರೆಸಿಕೊಂಡು, ಇದು ಬಣ್ಣ ಬಳಿದಿದ್ದಿರಬಹುದು ಅಂತ ಸೊಂಟದವರೆಗೆ ಬಟ್ಟೆ ತೆಗೆಸಿ ಮೈ ಉಜ್ಜಿಸಿ ನೋಡಿದ. ಇವತ್ತು ಓದಿದರೆ ಮುಜುಗರ ಆಗುತ್ತೆ ಅಲ್ವಾ?

ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಯಾಸುಕೆಗೆ ಅಷ್ಟಿಷ್ಟು ಜಪಾನಿ ಭಾಷೆ ಬರುತ್ತಿತ್ತು. ಅವನ ಜೊತೆ ಮಾತಾಡೋದು ನೊಬುನಾಗಾಗೆ ಇಷ್ಟವಾಯಿತು. ತನ್ನ ಸೇವೆಗೇ ಇಟ್ಟುಕೊಂಡ. ನೊಬುನಾಗಾನ ಚರಿತ್ರೆಯ ಒಂದು ಹಸ್ತಪ್ರತಿಯ ಪ್ರಕಾರ ಅವನಿಗೆ ಯಾಸುಕೆ ಅಂತ ಹೆಸರು, ಜೀವನಕ್ಕೆ ವೇತನ, ಒಂದು ಮನೆ, ಅಲಂಕರಿಸಿದ ಒಂದು ಗಿಡ್ಡ ಕತ್ತಿ ಸಿಕ್ಕವು. ಆಗಾಗ ಒಡೆಯನ ಆಯುಧಗಳನ್ನು ಹೊರುವ ಕೆಲಸವೂ ಇತ್ತು. 1582ರಲ್ಲಿ ಯುದ್ಧ ಮುಗಿಸಿ ನೊಬುನಾಗಾ ವಾಪಸ್ ಬರುವಾಗ ಮಾತ್ಸುದೈರಾ ಇಯೆತಾದಾ ಎಂಬ ಸರದಾರ ಯಾಸುಕೆಯನ್ನು ಕಂಡು, ಅವನ ಎತ್ತರವನ್ನು ದಿನಚರಿಯಲ್ಲಿ ಬರೆದಿಟ್ಟ. ನಮ್ಮ ಲೆಕ್ಕದಲ್ಲಿ ಅದು ಸುಮಾರು 188 ಸೆಂಟಿಮೀಟರ್.

1582ರ ಜೂನ್ 21ರ ಬೆಳಗಿನ ಜಾವ ಎಲ್ಲ ತಲೆಕೆಳಗಾಯಿತು. ಅಕೆಚಿ ಮಿತ್ಸುಹಿದೆ ಎಂಬ ಸೇನಾನಿ ತಿರುಗಿಬಿದ್ದು, ಕ್ಯೋಟೋದ ಹೊನ್ನೋಜಿ ದೇಗುಲದಲ್ಲಿ ತಂಗಿದ್ದ ನೊಬುನಾಗಾನನ್ನು ಮುತ್ತಿದ. ನೊಬುನಾಗಾ ಅಲ್ಲೇ ಸತ್ತ. ಯಾಸುಕೆ ಓಡಿಹೋಗಬಹುದಿತ್ತು, ಹೋಗಲಿಲ್ಲ. ಒಡೆಯನ ಮಗ ನೊಬುತಾದಾ ಇದ್ದ ಕಡೆಗೆ ಹೋಗಿ ಬಹಳ ಹೊತ್ತು ಕಾದಾಡಿದ. ಕೊನೆಗೆ ಶತ್ರುಗಳ ಕಡೆಯವನೊಬ್ಬ ಕೇಳಿದಾಗ ಕತ್ತಿ ಒಪ್ಪಿಸಿದ. ಇವನಿಗೆ ಏನೂ ತಿಳಿಯದು, ಜಪಾನಿನವನೂ ಅಲ್ಲ, ಕೊಲ್ಲಬೇಡಿ, ಪಾದ್ರಿಗಳ ಚರ್ಚಿಗೆ ಬಿಟ್ಟುಬಿಡಿ ಅನ್ನೋ ಅರ್ಥದಲ್ಲಿ ಮಿತ್ಸುಹಿದೆ ಅಪ್ಪಣೆ ಕೊಟ್ಟ. ನೊಬುನಾಗಾನ ಬಳಿ ಯಾಸುಕೆ ಇದ್ದದ್ದು ಹೆಚ್ಚೂಕಮ್ಮಿ 15 ತಿಂಗಳು. ಇದಾದ ಮೇಲೆ ಅವನ ಖಚಿತ ಸುಳಿವು ಸಿಗೋದಿಲ್ಲ.

ಹಾಗಾದರೆ ಅವನು ಸಮುರಾಯ್ ಹೌದೋ ಅಲ್ಲವೋ? ಆ ಹಸ್ತಪ್ರತಿ ಅವನನ್ನು ಆ ಪದದಿಂದ ಕರೆಯೋದಿಲ್ಲ. ಆದರೆ ವೇತನ, ಮನೆ, ಕತ್ತಿ ಮೂರನ್ನೂ ಕೊಟ್ಟಿದ್ದನ್ನು ದಾಖಲಿಸುತ್ತದೆ. ಆಗಿನ ಜಪಾನಿನಲ್ಲಿ ಯೋಧರ ಮತ್ತು ರೈತರ ನಡುವಿನ ಗೆರೆ ಇನ್ನೂ ಗಟ್ಟಿಯಾಗಿರಲಿಲ್ಲ. ಸಾಧಾರಣ ಮನೆಯಲ್ಲಿ ಹುಟ್ಟಿದ ಹಿದೆಯೋಶಿ ನೊಬುನಾಗಾನ ನಂತರ ಇಡೀ ದೇಶವನ್ನೇ ಆಳಿದ. 1588ರಲ್ಲಿ ರೈತರ ಕೈಯಿಂದ ಆಯುಧ ಕಿತ್ತುಕೊಂಡು ಆ ಗೆರೆಯನ್ನು ಗಟ್ಟಿ ಮಾಡಿದವನೂ ಅವನೇ! ಹಾಗಾಗಿ ಒಂದೇ ಪದ ಹಿಡಿದುಕೊಂಡು ಕಿತ್ತಾಡಿದರೆ ಉತ್ತರ ಸಿಗಲ್ಲ.

ಇನ್ನೂ ಒಂದು ವಿಷಯ. ನಿಯೋ (2017), ಸಮುರಾಯ್ ವಾರಿಯರ್ಸ್ 5 (2021) ಎರಡೂ ಜಪಾನಿನ ಕಂಪನಿಯವೇ ಗೇಮ್‌ಗಳು, ಎರಡರಲ್ಲೂ ಯಾಸುಕೆ ಇದ್ದಾನೆ. ಹಾಗಾಗಿ ಹೊರಗಿನವರು ಹೊಸದಾಗಿ ತುರುಕಿದರು ಅನ್ನೋ ವಾದ ನಿಲ್ಲಲ್ಲ. ಹಾಗಂತ ಯೂಬಿಸಾಫ್ಟ್ ಮಾಡಿದ್ದೆಲ್ಲ ಸರಿ ಅಂತಲೂ ಅಲ್ಲ. ಜಪಾನಿನ ಒಂದು ಇತಿಹಾಸಪ್ರೇಮಿ ತಂಡದ ಧ್ವಜವನ್ನು ಕೇಳದೆ ಚಿತ್ರದಲ್ಲಿ ಬಳಸಿದ್ದಕ್ಕೆ ಅದು ಕ್ಷಮೆ ಕೇಳಬೇಕಾಯಿತು. ಬೇರೆಯವರ ಇತಿಹಾಸ ಮುಟ್ಟುವಾಗ ಇರಬೇಕಾದ ಎಚ್ಚರ ಅಲ್ಲಿ ತಪ್ಪಿತ್ತು. ಆ ದೂರು ನ್ಯಾಯವಾದದ್ದು. ಯಾಸುಕೆಯ ಮೈಬಣ್ಣದ ಮೇಲಿನ ದೂರು ಬೇರೆ. ಎರಡನ್ನೂ ಕಲಸಬಾರದು.

ಜಪಾನಿನವನಲ್ಲ ಅನ್ನೋ ಮಾತು 1582ರಲ್ಲಿ ಯಾಸುಕೆಯ ಜೀವ ಉಳಿಸಿತು. 2024ರಲ್ಲಿ ಅದೇ ಮಾತು ಹಿಡಿದು ಅವನನ್ನು ಕಥೆಯಿಂದಲೇ ಆಚೆ ಹಾಕಿ ಅಂದರು. ಗೇಮ್ ಆಡುವವರು ಆಡಿ. ಅದರಲ್ಲಿ ಅವನು ಮಾಡೋ ಸಾಹಸಗಳೆಲ್ಲ ಕಲ್ಪನೆ. ಆದರೆ ಒಡೆಯ ಸತ್ತ ಮೇಲೂ ಕತ್ತಿ ಕೆಳಗಿಡದೆ ಹೋರಾಡಿದ ಆ ಬೆಳಗ್ಗೆ ಮಾತ್ರ ನಿಜ.