ಬುಲ್ಡೋಜರ್ ಭಾರ ಮನುಷ್ಯನ ಹೆಜ್ಜೆಗಿಂತ ಹಗುರವೇ? ಚೈನ್ ಗಾಡಿ ಕಟ್ಟಿದ ಬೆಂಜಮಿನ್ ಹೋಲ್ಟ್ ಬದುಕು ಹೇಳುವ ಉತ್ತರ

ಶಹಾಪುರ, ಸುರಪುರ ಕಡೆ ನಾರಾಯಣಪುರ ಎಡದಂಡೆ ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತದ ಕೊಯ್ಲಿನ ಹೊತ್ತಿಗೆ ಮಳೆ ಬಿದ್ದರೆ ಏನಾಗುತ್ತದೆ ಎಂಬುದು ಅಲ್ಲಿನವರಿಗೆ ಗೊತ್ತು. ಗಾಲಿಯ ಯಂತ್ರ ಎರೆ ಮಣ್ಣಿನ ರಾಡಿಯಲ್ಲಿ ಹೂತು ನಿಲ್ಲುತ್ತದೆ. ಅದೇ ಗದ್ದೆಗೆ ಚೈನ್ ಮಷಿನ್ ಇಳಿದು ಸಲೀಸಾಗಿ ಕೊಯ್ದು ಹೊರಬರುತ್ತದೆ. ಕಾಲುವೆ ಹೂಳೆತ್ತುವ ಹಿಟಾಚಿಯೂ ಅಷ್ಟೇ, ಹೊಲ ಸಮ ಮಾಡುವ ಬುಲ್ಡೋಜರ್ ಕೂಡ ಅಷ್ಟೇ.

ಇದನ್ನು ನೋಡಿದವರ ಫೋನಿಗೆ ಒಂದು ಮಾತು ಸುಲಭವಾಗಿ ಬಂದು ಸೇರುತ್ತದೆ: 20 ಟನ್ ಬುಲ್ಡೋಜರ್ ನೆಲವನ್ನು ಒತ್ತುವುದು ಮನುಷ್ಯನ ಪಾದಕ್ಕಿಂತ ಕಡಿಮೆಯಂತೆ, ಹಾಗಾಗಿ ಚೈನ್ ಗಾಡಿ ಎಂಥ ಹಸಿ ಹೊಲಕ್ಕೆ ಇಳಿದರೂ ಏನೂ ಆಗುವುದಿಲ್ಲವಂತೆ. ಇದರ ಜೊತೆಗೆ ಇನ್ನೊಂದು ಮಾತು: ಬುಲ್ಡೋಜರ್ ಕಂಡುಹಿಡಿದದ್ದು ಬೆಂಜಮಿನ್ ಹೋಲ್ಟ್ ಎಂಬ ಅಮೆರಿಕದವನಂತೆ.

ಎರಡರಲ್ಲೂ ಸ್ವಲ್ಪ ನಿಜವಿದೆ, ಸ್ವಲ್ಪ ತಪ್ಪಿದೆ. ಹೋಲ್ಟ್ ಬದುಕನ್ನೇ ನೋಡಿದರೆ ಎರಡೂ ಬಿಡಿಸಿಕೊಳ್ಳುತ್ತವೆ.

ಗಾಲಿ ಮಾಡುವವರ ಮನೆಯಿಂದ

ಬೆಂಜಮಿನ್ ಹೋಲ್ಟ್ ಹುಟ್ಟಿದ್ದು 1849ರ ಜನವರಿ 1ರಂದು, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ. ಮನೆಯದು ಮರಕೊಯ್ಯುವ ಮಿಲ್ಲು, ಮರದ ವ್ಯಾಪಾರ. ಅಣ್ಣ ಚಾರ್ಲ್ಸ್ ಮೊದಲೇ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಮರ ಮತ್ತು ಬಂಡಿ ಸಾಮಾನಿನ ವ್ಯಾಪಾರ ಶುರು ಮಾಡಿದ್ದ. 1883ರಲ್ಲಿ ಅಣ್ಣತಮ್ಮಂದಿರು ಸ್ಟಾಕ್‌ಟನ್ ಊರಿನಲ್ಲಿ ಗಾಲಿ ಮಾಡುವ ಕಾರ್ಖಾನೆ ತೆರೆದರು.

ಅವರು ಮೊದಲು ಬಿಡಿಸಿದ್ದು ನಮ್ಮ ಬಡಿಗರಿಗೂ ಗೊತ್ತಿರುವ ಸಮಸ್ಯೆ. ತೇವದ ಸೀಮೆಯಲ್ಲಿ ಮಾಡಿದ ಮರದ ಗಾಲಿ ಒಣ ಸೀಮೆಗೆ ಬಂದರೆ ಮರ ಕುಗ್ಗಿ ಕೀಲು ಸಡಿಲವಾಗುತ್ತದೆ. ಯಾದಗಿರಿಯ ಬೇಸಿಗೆಯಲ್ಲಿ ಬಂಡಿ ಗಾಲಿಯ ಕಬ್ಬಿಣದ ಪಟ್ಟಿ ಸಡಿಲವಾಗುವುದೂ ಇದೇ ಕಾರಣಕ್ಕೆ. ಹೋಲ್ಟ್ ಸಹೋದರರು ಸ್ಟಾಕ್‌ಟನ್‌ನ ಒಣ ಹವೆಯಲ್ಲೇ ಮರವನ್ನು ಹದವಾಗಿ ಒಣಗಿಸಿ ಗಾಲಿ ಮಾಡಿದರು.

1886ರಲ್ಲಿ ಬೆಂಜಮಿನ್ ಕೊಯ್ಲು ಮತ್ತು ಒಕ್ಕಣೆಯನ್ನು ಒಟ್ಟಿಗೆ ಮಾಡುವ ಯಂತ್ರ ತಯಾರಿಸಿದ. ಅದರಲ್ಲಿ ಹಲ್ಲಿನ ಚಕ್ರಗಳ ಬದಲು ಕೊಂಡಿ ಚೈನ್ ಬಳಸಿದ್ದ. ಕೊಂಡಿ ಮುರಿದರೆ ಹೊಲದಲ್ಲೇ ಬದಲಿಸಬಹುದಿತ್ತು. 1890ರಲ್ಲಿ 20 ಟನ್‌ಗೂ ಮಿಕ್ಕಿ ತೂಗುವ ಉಗಿ ಎಂಜಿನ್ ಗಾಡಿ ಕಟ್ಟಿದ. 1892ರಲ್ಲಿ ಹೋಲ್ಟ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಆಯಿತು, ಬೆಂಜಮಿನ್ ಅದರ ಅಧ್ಯಕ್ಷನಾದ.

46 ಅಡಿ ಅಗಲದ ಗಾಡಿ

ಸ್ಟಾಕ್‌ಟನ್ ಪಕ್ಕದಲ್ಲೇ ಸ್ಯಾನ್ ವಾಕೀನ್ ನದಿಯ ಮುಖಜ ಭೂಮಿ ಇದೆ. ಜೊಂಡು ಕೊಳೆತು ಕೊಳೆತು ಆದ ಮಣ್ಣು. ಬೆಳೆಗೆ ಬಂಗಾರ, ಭಾರಕ್ಕೆ ಬೆಣ್ಣೆ. ಉಗಿ ಎಂಜಿನ್ ಇಳಿದರೆ ಹೂತುಹೋಗುತ್ತಿತ್ತು.

ಗಾಲಿ ಮಾಡುವವನಿಗೆ ಹೊಳೆದದ್ದು ಗಾಲಿಯ ಉಪಾಯವೇ. ಗಾಲಿ ಅಗಲ ಮಾಡಿದ. ಸಾಲಲಿಲ್ಲ. ಪಕ್ಕಕ್ಕೆ ಇನ್ನೊಂದು ಜೋಡಿಸಿದ. ಕೊನೆಗೆ ಒಂದು ಗಾಡಿಯ ಒಟ್ಟು ಅಗಲ ಸುಮಾರು 46 ಅಡಿಗೆ ಬಂತು. ಅಂಥದ್ದನ್ನು ತಿರುಗಿಸುವುದು ಕಷ್ಟ, ದಾರಿಯಲ್ಲಿ ಒಯ್ಯುವುದಂತೂ ಆಗದ ಮಾತು.

ಆಗ ಹೋಲ್ಟ್ ಅಗಲ ಬಿಟ್ಟು ಉದ್ದದ ಕಡೆ ತಿರುಗಿದ. ಒಂದು ಉಗಿ ಗಾಡಿಯ ಹಿಂದಿನ ಗಾಲಿ ಬಿಚ್ಚಿ, ಚೈನಿಗೆ ಮರದ ಪಟ್ಟಿಗಳನ್ನು ಬಿಗಿದು ಎರಡೂ ಬದಿಗೆ ಸುತ್ತಿಸಿದ. 1904ರ ನವೆಂಬರ್ 24ರಂದು ರಾಬರ್ಟ್ಸ್ ದ್ವೀಪದ ಕೆಸರಿನಲ್ಲಿ ಆ ಗಾಡಿ ಹೂಳದೆ ನೇಗಿಲು ಎಳೆಯಿತು. ಅದು ಕಂಬಳಿಹುಳದ ಹಾಗೆ ತೆವಳುತ್ತದೆ ಎಂದು ಫೋಟೋ ತೆಗೆಯಲು ಬಂದವನೊಬ್ಬ ಹೇಳಿದನಂತೆ. ಆ ಮಾತೇ ಕ್ಯಾಟರ್ಪಿಲ್ಲರ್ ಎಂಬ ಹೆಸರಾಯಿತು. 1907ರ ಡಿಸೆಂಬರ್‌ನಲ್ಲಿ ಹೋಲ್ಟ್‌ಗೆ ಪೇಟೆಂಟ್ ಸಿಕ್ಕಿತು.

ಹಾಗಾದರೆ ಚೈನ್ ಗಾಡಿಯನ್ನು ಮೊದಲು ಮಾಡಿದವನು ಇವನೇನಾ?

ಅಲ್ಲ. ಅಮೆರಿಕದ ಮೇನ್ ರಾಜ್ಯದ ಆಲ್ವಿನ್ ಲೊಂಬಾರ್ಡ್ ಹಿಮದ ಮೇಲೆ ಮರದ ದಿಮ್ಮಿ ಎಳೆಯುವ ಚೈನ್ ಗಾಡಿಗೆ 1901ರಲ್ಲೇ ಪೇಟೆಂಟ್ ಪಡೆದಿದ್ದ. ಇಂಗ್ಲೆಂಡಿನ ಹಾರ್ನ್ಸ್‌ಬಿ ಕಂಪನಿಯ ಡೇವಿಡ್ ರಾಬರ್ಟ್ಸ್ ಕೂಡ ಅದೇ ಕಾಲದಲ್ಲಿ ಚೈನ್ ಗಾಡಿ ಕಟ್ಟಿದ. ಆ ಪೇಟೆಂಟ್ ಹಕ್ಕನ್ನು ಹೋಲ್ಟ್ ಕಂಪನಿ ಮುಂದೆ ಕೊಂಡುಕೊಂಡಿತು. ಹೋಲ್ಟ್ ಮಾಡಿದ್ದು ಚೈನ್ ಗಾಡಿಯನ್ನು ರೈತ ಬಳಸುವ, ಕಾರ್ಖಾನೆ ಸಾಲುಸಾಲಾಗಿ ತಯಾರಿಸುವ ಯಂತ್ರವಾಗಿಸಿದ್ದು.

ಮೊದಲ ಮಹಾಯುದ್ಧದಲ್ಲಿ ಫಿರಂಗಿ ಎಳೆಯಲು ಹೋಲ್ಟ್ ಗಾಡಿಗಳು ಸಾವಿರಾರು ಸಂಖ್ಯೆಯಲ್ಲಿ ಹೋದವು. ಫ್ರಾನ್ಸಿನ ಷ್ನೈಡರ್ ಟ್ಯಾಂಕಿನ ಕೆಳಭಾಗ ಹೋಲ್ಟ್ ಗಾಡಿಯಿಂದಲೇ ಬಂದದ್ದು. ಆದರೆ ಬ್ರಿಟನ್ನಿನ ಮೊದಲ ಟ್ಯಾಂಕಿನ ಚೈನ್ ಬೇರೆಯೇ.

ಹೋಲ್ಟ್ ತೀರಿಕೊಂಡದ್ದು 1920ರ ಡಿಸೆಂಬರ್ 5ರಂದು. ಚೈನ್ ಟ್ರ್ಯಾಕ್ಟರಿನ ಮುಂದೆ ಮಣ್ಣು ತಳ್ಳುವ ಬ್ಲೇಡ್ ಜೋಡಿಸಿ, ಇಂದಿನ ಬುಲ್ಡೋಜರಿಗೆ ಮಾದರಿ ಎನಿಸಿಕೊಂಡ ಯಂತ್ರ ಮಾಡಿದ್ದು 1923ರಲ್ಲಿ, ಕಾನ್ಸಾಸ್ ರಾಜ್ಯದ ಜೇಮ್ಸ್ ಕಮಿಂಗ್ಸ್ ಎಂಬ ರೈತ ಮತ್ತು ಅರ್ಲ್ ಮ್ಯಾಕ್ಲಿಯಾಡ್ ಎಂಬ ಡ್ರಾಫ್ಟ್ಸ್‌ಮನ್. 1925ರಲ್ಲಿ ಹೋಲ್ಟ್ ಕಂಪನಿ ಮತ್ತು ಅದರ ಪೈಪೋಟಿಗಾರ ಬೆಸ್ಟ್ ಕಂಪನಿ ಒಂದಾಗಿ ಕ್ಯಾಟರ್ಪಿಲ್ಲರ್ ಕಂಪನಿ ಆಯಿತು. ನಮ್ಮಲ್ಲಿ 1964ರಲ್ಲಿ ಶುರುವಾದ ಬೆಮೆಲ್, ಕೆಜಿಎಫ್‌ನ ಘಟಕದಲ್ಲಿ ಬುಲ್ಡೋಜರ್ ತಯಾರಿಸುತ್ತದೆ.

ಮನುಷ್ಯನ ಹೆಜ್ಜೆಯ ಲೆಕ್ಕ ಸರಿಯೇ?

ನೀವೇ ಲೆಕ್ಕ ಹಾಕಿ. 20 ಟನ್ ಎಂದರೆ 20,000 ಕಿಲೋ. ಒಂದು ಬದಿಯ ಚೈನ್ ನೆಲಕ್ಕೆ ತಾಗುವುದು ಸುಮಾರು 3 ಮೀಟರ್ ಉದ್ದ, 55 ಸೆಂಟಿಮೀಟರ್ ಅಗಲ ಎಂದುಕೊಳ್ಳೋಣ. ಎರಡೂ ಸೇರಿ 33,000 ಚದರ ಸೆಂಟಿಮೀಟರ್. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 0.6 ಕಿಲೋ. 70 ಕಿಲೋ ತೂಕದವರು ನಡೆಯುವಾಗ ಒಂದು ಕಾಲ ಮೇಲೆ ನಿಂತ ಕ್ಷಣ, ಪಾದ 200 ಚದರ ಸೆಂಟಿಮೀಟರ್ ಎಂದರೆ, 0.35 ಕಿಲೋ. ಕಾರಿನ ಟೈರು ಹೆಚ್ಚುಕಡಿಮೆ 2 ಕಿಲೋ.

ಅಂದರೆ ಬುಲ್ಡೋಜರ್ ಕಾರಿಗಿಂತ ಹಗುರವಾಗಿ ಒತ್ತುವುದು ನಿಜ. ಮನುಷ್ಯನ ಹೆಜ್ಜೆಗಿಂತ ಹಗುರ ಎನ್ನುವುದು ಸಾಮಾನ್ಯ ಬುಲ್ಡೋಜರ್ ಮಟ್ಟಿಗೆ ತಪ್ಪು. ಕೆಸರಿಗೆಂದೇ ಮಾಡಿದ ಅಗಲ ಪಟ್ಟಿಯ ಬುಲ್ಡೋಜರ್ ಮಾತ್ರ ಆ ಲೆಕ್ಕದ ಹತ್ತಿರ ಬರುತ್ತದೆ.

ಭಾರ ಹಂಚುವುದು ಚೈನ್ ಒಂದೇ ಅಲ್ಲ

ಮೇಲಿನ ಲೆಕ್ಕದಲ್ಲಿ ಒಂದು ಷರತ್ತು ಅಡಗಿದೆ: ಭಾರ ಚೈನಿನ ಉದ್ದಕ್ಕೂ ಸಮನಾಗಿ ಬೀಳಬೇಕು. ಚೈನ್ ತಾನಾಗಿ ಆ ಕೆಲಸ ಮಾಡದು, ಅದು ಹಗ್ಗದ ಹಾಗೆ ಬಾಗುತ್ತದೆ. ಪ್ರತಿ ಬದಿಯಲ್ಲೂ ಚೈನಿನ ಒಳಗೆ ಉದ್ದನೆಯ ಉಕ್ಕಿನ ತೊಲೆ ಇರುತ್ತದೆ. ಇದೇ ಟ್ರ್ಯಾಕ್ ಫ್ರೇಮ್. ಅದರ ಅಡಿಯಲ್ಲಿ ಸಾಲಾಗಿ ರೋಲರ್‌ಗಳು. ಗಾಡಿಯ ಭಾರ ತೊಲೆಗೆ, ತೊಲೆಯಿಂದ ರೋಲರಿಗೆ, ರೋಲರಿನಿಂದ ಚೈನಿಗೆ, ಚೈನಿನಿಂದ ನೆಲಕ್ಕೆ ಇಳಿಯುತ್ತದೆ. ತೊಲೆ ಸ್ವಲ್ಪ ಬಾಗಿದರೂ ಚೈನ್ ವಾರೆಯಾಗಿ ಓಡಿ ರೋಲರ್ ಬೇಗ ಸವೆಯುತ್ತದೆ.

ಈ ತೊಲೆಯನ್ನು ಗಾಡಿಗೆ ಜೋಡಿಸುವ ಬಗೆ ಎರಡು.

ಒಂದು, ಫಿಕ್ಸ್‌ಡ್ ಫ್ರೇಮ್. ಎರಡೂ ತೊಲೆ ಗಾಡಿಯ ಮೈಗೆ ಅಲುಗಾಡದಂತೆ ಬಿಗಿದಿರುತ್ತವೆ. ಹಿಟಾಚಿಯಂಥ ಅಗೆಯುವ ಯಂತ್ರಗಳಲ್ಲಿ ಇರುವುದು ಇದೇ. ಬಕೆಟ್ ಪಕ್ಕಕ್ಕೆ ತಿರುಗಿ ಭಾರ ಎತ್ತುವಾಗ ಕೆಳಗಿನ ಬುನಾದಿ ಅಲುಗಬಾರದು. ಬಿಡಿಭಾಗ ಕಡಿಮೆ, ಸವೆಯುವ ಕೀಲೂ ಕಡಿಮೆ.

ಇನ್ನೊಂದು, ಆಡುವ ಫ್ರೇಮ್. ಪ್ರತಿ ತೊಲೆಗೂ ಹಿಂದೆ ಕೀಲು ಇರುತ್ತದೆ. ಮುಂದೆ ಎರಡನ್ನೂ ತಕ್ಕಡಿ ದಂಡದಂಥ ಅಡ್ಡಪಟ್ಟಿ ಸೇರಿಸುತ್ತದೆ. ಒಂದು ಬದಿ ಕಲ್ಲು ಹತ್ತಿದರೆ ಇನ್ನೊಂದು ಬದಿ ನೆಲ ಬಿಡುವುದಿಲ್ಲ. ದೊಡ್ಡ ಬುಲ್ಡೋಜರ್‌ಗಳಲ್ಲಿ ಹೆಚ್ಚಾಗಿ ಇರುವುದು ಇದು.

ಫಾರ್ವರ್ಡ್ ಬಿಟ್ಟುಬಿಡುವ ವಿಷಯ ಇಲ್ಲೇ ಇದೆ. ಫಿಕ್ಸ್‌ಡ್ ಫ್ರೇಮಿನ ಗಾಡಿ ಬದು ದಾಟುವಾಗ ಬದುವಿನ ನೆತ್ತಿಯ ಮೇಲೆ ಕೆಲವೇ ಪಟ್ಟಿಗಳು ತಾಗಿರುತ್ತವೆ. ಆ ಕ್ಷಣ ಇಡೀ ಗಾಡಿಯ ಭಾರ ಅಷ್ಟರ ಮೇಲೇ. 0.6 ಕಿಲೋ ಎಂಬ ಲೆಕ್ಕ ಆಗ ಹಲವು ಪಟ್ಟಾಗುತ್ತದೆ. ಒಂದೇ ಬದಿಯ ಚೈನ್ ಬದು ಹತ್ತಿದರೆ ಗಾಡಿ ಪೂರ್ತಿ ವಾಲುತ್ತದೆ. ಹಸಿ ಕಾಲುವೆ ಏರಿಯ ಅಂಚಿನಲ್ಲಿ ಇದು ಜೀವಕ್ಕೇ ಅಪಾಯ.

ಹೊಲಕ್ಕೆ ಇಳಿಸುವ ಮುನ್ನ

- ಮೇಲ್ಮಣ್ಣು ಎಷ್ಟು ಗಟ್ಟಿಯಾಗುತ್ತದೆ ಎಂಬುದು ಒತ್ತಡದ ಮೇಲೆ ನಿಂತಿದೆ. ಆಳದ ಮಣ್ಣು ಗಟ್ಟಿಯಾಗುವುದಕ್ಕೆ ಗಾಡಿಯ ಒಟ್ಟು ತೂಕವೂ ಕಾರಣ. ಚೈನ್ ಇದ್ದರೂ 20 ಟನ್ ಇಪ್ಪತ್ತು ಟನ್ನೇ.
- ಗೇಣುದ್ದ ಆಳದ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆಯಿರಿ. ದಾರದಂತೆ ಎಳೆ ಬಂದರೆ ಮಣ್ಣು ಇನ್ನೂ ಹಸಿ. ಸಾಧ್ಯವಿದ್ದರೆ ಎರಡು ದಿನ ತಡೆಯಿರಿ.
- ಚೈನ್ ಗಾಡಿ ನಿಂತಲ್ಲೇ ತಿರುಗಿದರೆ ಮಣ್ಣನ್ನು ಕಿತ್ತು ಕಲಸುತ್ತದೆ. ಹೊಲದ ನಡುವೆ ಬೇಡ, ಅಂಚಿನಲ್ಲಿ ದೊಡ್ಡ ತಿರುವಿನಲ್ಲಿ ತಿರುಗಿಸಲು ಹೇಳಿ.
- ಬದುವನ್ನು ವಾರೆಯಾಗಿ ದಾಟಿಸಬೇಡಿ. ನೇರವಾಗಿ, ನಿಧಾನವಾಗಿ ದಾಟಿಸಿ. ಗಾಡಿಯ ಸುತ್ತ ಯಾರೂ ನಿಲ್ಲದಿರಲಿ.

ಒಟ್ಟಿನಲ್ಲಿ, ಚೈನ್ ಗಾಡಿ ಕಡಿಮೆ ಹೂಳುತ್ತದೆ ಎಂಬುದು ನಿಜ, ಅದರಿಂದ ಹೊಲಕ್ಕೆ ಏನೂ ಆಗದು ಎಂಬುದು ಸುಳ್ಳು. ಚೈನ್ ಮಷಿನ್ ತರಿಸುವ ರೈತರಿಗೂ ಓಡಿಸುವ ಹುಡುಗರಿಗೂ ಇದನ್ನು ಕಳಿಸಿ.