ದೊರೆಯ ಸ್ನಾನಕ್ಕೆ ನೀರು ಕಾಯಿಸಿದವರು ಯಾರು?

ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟ್ ಹುಟ್ಟಿತು, ಹೋಗಿದ್ದು ಮಾತ್ರ ಕೋಲಾರದ ಚಿನ್ನದ ಗಣಿಗೆ. ಇಂಜಿನಿಯರಿಂಗ್ ಓದುವಾಗ ಪವರ್ ಹೌಸ್ ನೋಡೋಕೆ ಬಂದಿದ್ದ ನಾನು ಮೊನ್ನೆ ಮತ್ತೆ ಅಲ್ಲಿಗೆ ಹೋಗಿದ್ದೆ. ಒಂದು ಮನೆಯ ಹಿತ್ತಲಲ್ಲಿ ಈಗಲೂ ಹಂಡೆ ಒಲೆ ಉರೀತಿತ್ತು. ಹೊಗೆಯಲ್ಲಿ ಕಣ್ಣು ಒರೆಸಿಕೊಂಡು ಸೌದೆ ತುರುಕುತ್ತಿದ್ದ ಹೆಂಗಸಿನ ಸ್ನಾನದ ಸರದಿ ಎಲ್ಲರಿಗಿಂತ ಕೊನೆಗೆ. ನನಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ನೆನಪಾದ.

ಅಪ್ಪ ಆರನೇ ವಿಕ್ರಮಾದಿತ್ಯ ಐವತ್ತು ವರ್ಷ ಆಳಿದ ಮೇಲೆ, 1126ರಲ್ಲಿ ಇವನಿಗೆ ಪಟ್ಟ. ಅಷ್ಟರಲ್ಲಿ ಶಿವನಸಮುದ್ರಕ್ಕಿಂತ ಮೇಲೆ, ಕಾವೇರಿ ದಡದ ತಲಕಾಡನ್ನು ಚೋಳರಿಂದ ಕಿತ್ತುಕೊಂಡಿದ್ದ ಹೊಯ್ಸಳ ವಿಷ್ಣುವರ್ಧನ ಹೆಸರಿಗಷ್ಟೇ ಚಾಲುಕ್ಯರ ಸಾಮಂತ. ರಾಜ್ಯ ಸಡಿಲವಾಗುತ್ತಿದ್ದರೆ ಸೋಮೇಶ್ವರ ಸಂಸ್ಕೃತದಲ್ಲಿ ಪುಸ್ತಕ ಬರೀತಿದ್ದ. ಇದನ್ನು ಬೈಗುಳ ಅಂದುಕೋಬೇಡಿ, ಕತ್ತಿ ಝಳಪಿಸುವ ರಾಜರಿಗಿಂತ ನನಗೆ ಇವನೇ ಇಷ್ಟ. ಅಪ್ಪನ ಚರಿತ್ರೆ ಬರೆಯೋಕೆ ಕೂತ, ಅದು ಪೂರ್ತಿಯಾಗಿ ಉಳಿದಿಲ್ಲ. ಉಳಿದದ್ದು 1129ರ ಸುಮಾರಿನ ಮಾನಸೋಲ್ಲಾಸ, ನೂರು ಅಧ್ಯಾಯ. ಇಡ್ಲಿ, ದೋಸೆಯ ಪೂರ್ವಜರು ಅದರಲ್ಲಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಎಲ್ಲರೂ ಫಾರ್ವರ್ಡ್ ಮಾಡ್ತಾರೆ. ಸ್ನಾನದ ಅಧ್ಯಾಯವನ್ನು ಯಾರೂ ಕಳಿಸಲ್ಲ.

ಅಲ್ಲಿ ಸ್ನಾನ ರಾಜಭೋಗಗಳಲ್ಲಿ ಒಂದು. ಹೂವಿನ ಪರಿಮಳ ಹಿಡಿಸಿದ ಎಣ್ಣೆ, ಅದನ್ನು ಮೈಗೆ ತಿಕ್ಕೋಕೆ ಜಟ್ಟಿಗಳು, ಜಿಡ್ಡು ತೆಗೆಯೋಕೆ ನೆಲ್ಲಿಕಾಯಿ, ಕೊನೆಗೆ ಬಿಸಿನೀರು ಹೊಯ್ಯುವ ಹೆಂಗಸರು. ಫಿನ್ಲೆಂಡಿನ ಚಿತ್ರಕಾರ ಆಕ್ಸೆಲಿ ಗಾಲೆನ್-ಕಾಲೆಲಾ 1889ರಲ್ಲಿ ಸೌನಾ ಸ್ನಾನದ ಚಿತ್ರ ಬರೆದಾಗ ಹಬೆಯಲ್ಲಿ ಕೂತಿದ್ದವರು ರೈತಾಪಿ ಜನ. ನಮ್ಮ ಪುಸ್ತಕದಲ್ಲಿ ಮೀಯುವವನು ದೊರೆ ಒಬ್ಬನೇ, ಮಿಕ್ಕವರು ಬರೀ ಕೈಗಳು. ಗೋಡೆಗೆ ಚಿತ್ರ ಬರೆಯೋಕೆ ಎಮ್ಮೆ ಚರ್ಮ ಬೇಯಿಸಿ ಅಂಟು ಮಾಡುವುದನ್ನೂ ಅಷ್ಟು ವಿವರವಾಗಿ ಬರೆದವನಿಗೆ ಒಲೆಯ ಮುಂದೆ ಕೂತವರು ಕಾಣಿಸಲಿಲ್ಲ. ಸರ್ವಜ್ಞ ಅನ್ನೋ ಬಿರುದು ಬೇರೆ.

1138ರ ಹೊತ್ತಿಗೆ ಅವನ ಆಳ್ವಿಕೆ ಮುಗಿಯಿತು. ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ ಬಟ್ಟೆ ಒಗೆಯುವ ಮಾಚಿದೇವ, ಎಲೆಅಡಿಕೆಯ ಚೀಲ ಹಿಡಿಯುವ ಅಪ್ಪಣ್ಣ, ಮಡಿವಾಳ, ಹಡಪದ ಅಂತ ತಮ್ಮ ಕಸುಬನ್ನೇ ಹೆಸರಿನ ಮುಂದಿಟ್ಟುಕೊಂಡು ವಚನ ಹೇಳಿದರು, ಕನ್ನಡದಲ್ಲಿ.