ನೀಲಗಿರಿ ಬೀಜ ಹಂಚಿದ ವಿಜ್ಞಾನಿ

ಮಕ್ಕಳೇ, ನೀಲಗಿರಿ ತೋಪನ್ನು ನೀವು ನೋಡಿರಬಹುದು. ನೆಟ್ಟಗೆ ಬೆಳೆದ ಮರ, ಸುಲಿದು ಬೀಳುವ ತೊಗಟೆ, ಉಜ್ಜಿದರೆ ಘಮ್ಮೆನ್ನುವ ಎಲೆ. ಇದರ ತವರು ದೂರದ ಆಸ್ಟ್ರೇಲಿಯ. ನೀಲಗಿರಿ ಬೆಟ್ಟಗಳಲ್ಲಿ 1843ರಿಂದಲೇ ಬೆಳೆಸಿದ್ದರಿಂದ ನಮ್ಮಲ್ಲಿ ಇದಕ್ಕೆ ಆ ಹೆಸರು ಬಂತು. ಇದರ ಬೀಜಗಳನ್ನು ಹಲವು ದೇಶಗಳಿಗೆ ಕಳುಹಿಸಿ ಪ್ರಚಾರ ಮಾಡಿದವರಲ್ಲಿ ಪ್ರಮುಖರು ಸಸ್ಯವಿಜ್ಞಾನಿ ಫರ್ಡಿನೆಂಡ್ ವಾನ್ ಮ್ಯೂಲರ್.

ಮ್ಯೂಲರ್ 1825ರ ಜೂನ್ 30ರಂದು ಜರ್ಮನಿಯ ರಾಸ್ಟಾಕ್ ಪಟ್ಟಣದಲ್ಲಿ ಜನಿಸಿದರು. ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡರು. ಔಷಧ ತಯಾರಿಸುವ ಕೆಲಸ ಕಲಿಯುತ್ತಲೇ ಗಿಡಗಳನ್ನು ಸಂಗ್ರಹಿಸಿ, ಒಣಗಿಸಿಡುವ ಹವ್ಯಾಸ ಬೆಳೆಸಿಕೊಂಡರು. 1847ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ಅವರ ಕುಟುಂಬವನ್ನು ಕ್ಷಯರೋಗ ಕಾಡಿತ್ತು. ಬೆಚ್ಚಗಿನ ಹವೆ ಆರೋಗ್ಯಕ್ಕೆ ಒಳ್ಳೆಯದೆಂದು ಅದೇ ವರ್ಷ ಇಬ್ಬರು ಸೋದರಿಯರೊಂದಿಗೆ ಹಡಗು ಹತ್ತಿ ಆಸ್ಟ್ರೇಲಿಯ ತಲುಪಿದರು.

1853ರಲ್ಲಿ ಅವರು ವಿಕ್ಟೋರಿಯ ಪ್ರಾಂತ್ಯದ ಸರ್ಕಾರಿ ಸಸ್ಯವಿಜ್ಞಾನಿಯಾದರು. ಬೆಟ್ಟ ಕಾಡುಗಳನ್ನು ಸುತ್ತಿ ಅನೇಕ ಹೊಸ ಸಸ್ಯಗಳನ್ನು ಗುರುತಿಸಿ ಹೆಸರಿಟ್ಟರು. 1857ರಿಂದ ಮೆಲ್ಬರ್ನ್ ಸಸ್ಯೋದ್ಯಾನದ ನಿರ್ದೇಶಕರೂ ಆಗಿದ್ದರು. ಆದರೆ ಜನರಿಗೆ ಹೂವಿನ ಪಾತಿ, ಹುಲ್ಲುಹಾಸು ಬೇಕಿತ್ತು. ಮ್ಯೂಲರ್‌ಗೆ ಉದ್ಯಾನವೆಂದರೆ ವಿಜ್ಞಾನ ಕಲಿಯುವ ತಾಣ. ಹೀಗಾಗಿ 1873ರಲ್ಲಿ ಆ ಹುದ್ದೆ ಕೈತಪ್ಪಿತು. ಆದರೂ ಅವರ ಸಂಶೋಧನೆ ನಿಲ್ಲಲಿಲ್ಲ. ನೀಲಗಿರಿ ಜಾತಿಯ ಮರಗಳ ಬಗ್ಗೆ 1879ರಿಂದ 1884ರವರೆಗೆ ಚಿತ್ರಸಹಿತ ಗ್ರಂಥವನ್ನು ಕಂತುಗಳಲ್ಲಿ ಹೊರತಂದರು.

ಆ ಕಾಲದಲ್ಲಿ ಮಲೇರಿಯಾ ಬರುವುದು ಜೌಗು ನೆಲದ ಕೆಟ್ಟ ಗಾಳಿಯಿಂದ ಎಂದು ಜನ ನಂಬಿದ್ದರು. ನೀಲಗಿರಿ ಬೇಗ ಬೆಳೆಯುತ್ತದೆ, ನೀರು ಹೀರಿ ಜೌಗನ್ನು ಒಣಗಿಸುತ್ತದೆ ಎಂದು ಹಲವು ದೇಶಗಳು ಅದನ್ನು ಬಯಸಿದವು. ರೋಮ್ ನಗರದ ಬಳಿಯ ಜೌಗಿನಲ್ಲೂ ಇದನ್ನು ನೆಟ್ಟರು. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂಬುದಕ್ಕೆ ರೊನಾಲ್ಡ್ ರಾಸ್ ಅವರಿಗೆ ಸಿಕಂದರಾಬಾದಿನಲ್ಲಿ ಮುಖ್ಯ ಸುಳಿವು ಸಿಕ್ಕಿದ್ದು 1897ರಲ್ಲಿ. ಮ್ಯೂಲರ್ ಅದಕ್ಕೆ ಒಂದು ವರ್ಷ ಮೊದಲು, 1896ರ ಅಕ್ಟೋಬರ್ 10ರಂದು, ಮೆಲ್ಬರ್ನ್‌ನಲ್ಲಿ ನಿಧನರಾಗಿದ್ದರು.

ಮರ ನೀರು ಹೀರುವುದು ಹೇಗೆ? ಬೇರು ಮಣ್ಣಿನ ತೇವವನ್ನು ಹೀರುತ್ತದೆ. ಆ ನೀರು ಕಾಂಡದ ಮೂಲಕ ಎಲೆ ಸೇರಿ, ಎಲೆಯ ಪತ್ರರಂಧ್ರಗಳಿಂದ ಆವಿಯಾಗಿ ಹೊರಹೋಗುತ್ತದೆ. ಇದೇ ಬಾಷ್ಪವಿಸರ್ಜನೆ. ಜೌಗು ನೆಲದಲ್ಲಿ ಇದರಿಂದ ಉಪಯೋಗವಿದೆ. ಆದರೆ ಮಳೆ ಕಡಿಮೆ ಇರುವ ಕಡೆ?

ಈ ಪ್ರಶ್ನೆಗೆ ಉತ್ತರ ನಮ್ಮ ರಾಜ್ಯದಲ್ಲೇ ಸಿಕ್ಕಿತು. ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ನಡೆದ ಅಧ್ಯಯನದ ಫಲಿತಾಂಶ 1990ರ ದಶಕದಲ್ಲಿ ಪ್ರಕಟವಾಯಿತು. ಅಲ್ಲಿ ಮಣ್ಣು ಆಳವಾಗಿತ್ತು. ನೀಲಗಿರಿಯ ಬೇರುಗಳು ಕೆಳಗಿಳಿದು, ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಬಳಸಿದ್ದವು. ಅಂದರೆ ಹಿಂದಿನ ವರ್ಷಗಳಿಂದ ನೆಲದಾಳದಲ್ಲಿ ಉಳಿದಿದ್ದ ತೇವವೂ ಖರ್ಚಾಗಿತ್ತು! ಬ್ಯಾಂಕಿಗೆ ಹಾಕಿದ್ದಕ್ಕಿಂತ ಹೆಚ್ಚು ಹಣ ತೆಗೆದಂತೆ. ರಾಗಿ ಬೆಳೆ ಬಳಸುವ ನೀರು ನೀಲಗಿರಿಯ ಸುಮಾರು ಅರ್ಧದಷ್ಟು ಮಾತ್ರ. ಆದರೆ ಮಣ್ಣು ಆಳವಿಲ್ಲದ ಕಡೆ ನೀಲಗಿರಿ ಬಳಸಿದ ನೀರು ಅಲ್ಲಿನ ಕಾಡಿನ ಮರಗಳಷ್ಟೇ ಇತ್ತು. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಹಾಗಾದರೆ ಮರ ಕೆಟ್ಟದ್ದೇ? ಅಲ್ಲ. ಮ್ಯೂಲರ್ ಮೆಚ್ಚಿದ ಗುಣವೇ ಜೌಗಿನಲ್ಲಿ ವರ, ಬಯಲುಸೀಮೆಯಲ್ಲಿ ಹೊರೆ. ಗಿಡ ನೆಡುವ ಮೊದಲು ಅಲ್ಲಿನ ಮಳೆ ಎಷ್ಟು, ಮಣ್ಣು ಎಂಥದ್ದು, ಬಾವಿಯ ನೀರು ಎಷ್ಟು ಆಳದಲ್ಲಿದೆ ಎಂದು ತಿಳಿಯಬೇಕು.

ಮಾಡಿ ನೋಡಿ: ಬಿಸಿಲಿನಲ್ಲಿರುವ ಗಿಡದ ಎಲೆಗಳಿರುವ ಒಂದು ಕೊಂಬೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಕಟ್ಟಿ. ಕೆಲವು ಗಂಟೆಗಳ ನಂತರ ಒಳಗೆ ನೀರಿನ ಹನಿಗಳು ಕಾಣುತ್ತವೆ. ಅವು ಎಲ್ಲಿಂದ ಬಂದವು? ಯೋಚಿಸಿ ಬರೆಯಿರಿ.